ಚಿಕ್ಕಮ್ಮನ ಹಳದಿ ತೊಟ್ಟೆ

ನಮ್ಮ ಚಿಕ್ಕಮ್ಮನ ಕಪಾಟಿನಲ್ಲಿ ಬಟ್ಟೆ ಅಂಗಡಿಯ ಒಂದು ಹಳದಿ ತೊಟ್ಟೆ ಉಂಟು. 2011ರಲ್ಲಿ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಅವರ ಗರ್ಭಕೋಶ ತೆಗೆದರು, ಆವತ್ತಿನ ಕಾಗದ ಎಲ್ಲ ಅದರಲ್ಲೇ. ಒಂದಕ್ಕೊಂದು ಅಂಟಿಕೊಂಡ ಸ್ಕ್ಯಾನಿಂಗ್ ಚಿತ್ರಗಳು, ಅಕ್ಷರ ಮಾಸಿದ ಬಿಲ್ಲು, ಎರಡು ಪುಟದ ಡಿಸ್ಚಾರ್ಜ್ ಸಮ್ಮರಿ. "ಹಾಗೇ ಬಿಟ್ಟರೆ ಕ್ಯಾನ್ಸರ್ ಆಗ್ತದೆ" ಅಂದಿದ್ದರಂತೆ ಡಾಕ್ಟ್ರು. ಆಗ ಚಿಕ್ಕಮ್ಮನಿಗೆ 38. ಮೊನ್ನೆ ಸೊಂಟ ನೋವು ಅಂತ ಬೇರೆ ಡಾಕ್ಟರ ಹತ್ರ ಹೋದಾಗ ಅವರು ತೊಟ್ಟೆಯನ್ನು ಮೇಜಿನ ಮೇಲೆ ಮಗುಚಿ ಹಾಕಿ, "ಬಯಾಪ್ಸಿ ರಿಪೋರ್ಟ್ ಎಲ್ಲಿ?" ಅಂತ ಕೇಳಿದರು. ತೆಗೆದ ಗರ್ಭಕೋಶದಲ್ಲಿ ನಿಜವಾಗಿ ಎಂತ ಇತ್ತು ಅಂತ ಹೇಳುವ ಕಾಗದ ಅದು. ಅದೊಂದೇ ಇರಲಿಲ್ಲ.

ಆಪರೇಷನ್ ಆದ ಆಸ್ಪತ್ರೆಗೇ ಕೇಳಲು ಹೋದೆವು. ರೆಕಾರ್ಡ್ ರೂಮಿನವರು ತಲೆ ಎತ್ತದೆ, "ಅಷ್ಟು ಹಳೇದು ಸಿಗುದಿಲ್ಲ, ಮೂರು ವರ್ಷದ್ದು ಮಾತ್ರ" ಅಂದರು. ಆ ಸರ್ಜನ್ ಬಿಟ್ಟು ಹೋಗಿ ಎಷ್ಟೋ ಕಾಲ ಆಯಿತಂತೆ. ಮೂರು ವರ್ಷದ ಮಾತು ಸುಳ್ಳಲ್ಲ, ಮೆಡಿಕಲ್ ಕೌನ್ಸಿಲ್‌ನ 2002ರ ನಿಯಮವೇ ಹಾಗೆ. ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತಲೂ ಅದರಲ್ಲೇ ಉಂಟು, ಆದರೆ ಫೈಲೇ ಇಲ್ಲದ ಮೇಲೆ ಕೊಡುವುದು ಎಂತದ್ದನ್ನು?

ಆ ಡಾಕ್ಟ್ರು ತಪ್ಪು ಮಾಡಿದ್ದಾರೆ ಅಂತ ನಾನು ಹೇಳುತ್ತಿಲ್ಲ ಮಾರಾಯ್ರೆ. ಮಾಡಿದ್ದಾರಾ ಇಲ್ಲವಾ ಅಂತ ತಿಳಿಯಲು ದಾರಿಯೇ ಇಲ್ಲ, ಅದೇ ನನ್ನ ತಕರಾರು.

ಇಂಗ್ಲೆಂಡಿನಲ್ಲಿ ಇಯನ್ ಪ್ಯಾಟರ್‌ಸನ್ ಅಂತ ಒಬ್ಬ ಸ್ತನದ ಸರ್ಜನ್ ಇದ್ದ. ರೋಗ ಇಲ್ಲದವರಿಗೂ ಹೆದರಿಸಿ ಕೊಯ್ದ, ಕ್ಯಾನ್ಸರ್ ಇದ್ದವರಿಗೆ ಪೂರ್ತಿ ತೆಗೆಯದೆ ಸ್ವಲ್ಪ ಉಳಿಸಿಬಿಟ್ಟ. 2017ರಲ್ಲಿ ಜೈಲಾಯಿತು, ಮೊದಲು 15 ವರ್ಷ, ಮೇಲಿನ ಕೋರ್ಟು ಅದನ್ನು 20 ಮಾಡಿತು. ಕೇಸಿನಲ್ಲಿ ಇದ್ದದ್ದು ಬರೀ 10 ಜನ ರೋಗಿಗಳು. ಉಳಿದವರು? ಅವನು ಕೆಲಸ ಮಾಡುತ್ತಿದ್ದ ಖಾಸಗಿ ಆಸ್ಪತ್ರೆ ಕಂಪನಿ ಸುಮಾರು 750 ಮಂದಿಗೆ ಅಂತ 3.7 ಕೋಟಿ ಪೌಂಡ್‌ನ ಪರಿಹಾರ ನಿಧಿಗೆ ಒಪ್ಪಿತು, ಅದೂ ಕೋರ್ಟಿಗೆ ಎಳೆದ ಮೇಲೆ. 2020ರಲ್ಲಿ ಬಿಷಪ್ ಗ್ರಹಾಂ ಜೇಮ್ಸ್ ಅವರ ತನಿಖಾ ವರದಿ ಬಂತು. ಅವನು ನೋಡಿದ ಸುಮಾರು 11,000 ಜನರನ್ನೂ ಆಸ್ಪತ್ರೆಗಳೇ ವಾಪಸ್ ಕರೆದು ಅವರಿಗೆ ಆದ ಚಿಕಿತ್ಸೆಯನ್ನು ಪರಿಶೀಲಿಸಬೇಕು ಅಂತ ಅದರಲ್ಲಿ ಹೇಳಿದರು. ಅಲ್ಲಿಯೂ ಎಲ್ಲ ತಡವೇ. ಆದರೆ "ನಿಮಗೆ ಆದ ಆಪರೇಷನ್ ಸರಿಯಿತ್ತಾ ನೋಡುವ, ಬನ್ನಿ" ಅಂತ ಆಸ್ಪತ್ರೆಯವರೇ ಕರೆಯಬೇಕು ಅನ್ನುವ ಮಾತಾದರೂ ಬಂತಲ್ವಾ?

ನಮ್ಮಲ್ಲಿ ಎಲ್ಲ ರೋಗಿಯ ತಲೆ ಮೇಲೆ. ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷದ ಗಡುವು. ತಡವಾಗಿ ಗೊತ್ತಾದರೆ ಗೊತ್ತಾದ ದಿನದಿಂದ ಲೆಕ್ಕ ಹಿಡಿಯಬಹುದು ಅಂತ ಸುಪ್ರೀಂ ಕೋರ್ಟು 2010ರಲ್ಲಿ ಒಂದು ಕೇಸಿನಲ್ಲಿ ಒಪ್ಪಿತು. ತಮಾಷೆ ಏನೆಂದರೆ ಅದೇ ಕೇಸಿನಲ್ಲಿ ರೋಗಿ ಸೋತರು. 1993ರ ಆಪರೇಷನ್, ಹೊಟ್ಟೆಯೊಳಗೆ ಉಳಿದಿದ್ದ ಬ್ಯಾಂಡೇಜ್ ಬಟ್ಟೆ ಸಿಕ್ಕಿದ್ದು 2002ರಲ್ಲಿ. ನೀವೇ ನರ್ಸು, ಅಷ್ಟು ವರ್ಷ ನೋವಿದ್ದರೂ ಸಂಶಯ ಬರಲಿಲ್ಲವಾ ಅಂತ ಕೋರ್ಟು ಕೇಳಿತು. ನರ್ಸಿಗೇ ಹೀಗಾದರೆ ಬೀಡಿ ಕಟ್ಟುವ ಚಿಕ್ಕಮ್ಮ ಎಲ್ಲಿಗೆ ಹೋಗಬೇಕು?

ಆದರೂ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಾ ಉಂಟು. ಚಿಕ್ಕಮ್ಮನ ಆಪರೇಷನ್ ಆದದ್ದು ಹಾಲಿನ ಸೊಸೈಟಿಯ ಮೂಲಕ ಸಿಕ್ಕಿದ ಯಶಸ್ವಿನಿ ಆರೋಗ್ಯ ಯೋಜನೆಯ ಕಾರ್ಡಿನಲ್ಲಿ. ಅಂದರೆ ಯಾರಿಗೆ, ಯಾವಾಗ, ಎಂತಕ್ಕೆ ಅಂತ ದುಡ್ಡು ಕೊಟ್ಟವರ ಹತ್ರವೂ ಆಗ ಕಾಗದ ಹೋಗಿರಲೇಬೇಕು. ಈಗಿನ ಸರ್ಕಾರಿ ಯೋಜನೆ ಆರೋಗ್ಯ ಕರ್ನಾಟಕದಲ್ಲಂತೂ ಕ್ಲೇಮಿನ ಕಾಗದ ಎಲ್ಲ ಆನ್‌ಲೈನ್. ಒಬ್ಬ ಸರ್ಜನ್ ಮೇಲೆ ದೂರು ಸಾಬೀತಾದ ದಿನ ಅವರ ಹೆಸರಿನ ಕ್ಲೇಮೆಲ್ಲ ತೆಗೆದು ಒಬ್ಬೊಬ್ಬರಿಗೇ ಫೋನ್ ಮಾಡುವುದು ಅಷ್ಟು ಕಷ್ಟವಾ? ಬಿಲ್ಲು ಜಾಸ್ತಿ ಹಾಕಿದರೆ ಹುಡುಕಿ ದಂಡ ಹಾಕುತ್ತಾರಲ್ಲ.

ಚಿಕ್ಕಮ್ಮ ಮಾತ್ರ "ಬಿಡು ಮಗಾ, ಹೋದದ್ದು ವಾಪಸ್ ಬರ್ತದಾ" ಅನ್ನುತ್ತಾರೆ. ನಾನು ಬಿಡಲಿಲ್ಲ, ಸೊಸೈಟಿಗೆ ಹೋಗಿ ಕೇಳಿದೆ. ಹಳೇ ಪುಸ್ತಕ ಅಟ್ಟದಲ್ಲಿ ಉಂಟು, ಹುಡುಕಿಸುತ್ತೇನೆ ಅಂದಿದ್ದಾರೆ ಸೆಕ್ರೆಟರಿ. ಸೋಮವಾರ ಪುನಃ ಹೋಗಬೇಕು.