ಹೊಂಗೆ ಮರದ ಕೆಳಗಿನ ಬೆಂಚು ಯಾಕೆ ಕಿತ್ತಿರಿ?

ಇವತ್ತು ಬೆಳಗ್ಗೆ ಆರೂಕಾಲಿಗೆ ನಮ್ಮ ಏರಿಯಾ ಪಾರ್ಕಿಗೆ ಹೋದರೆ ಹೊಂಗೆ ಮರದ ಕೆಳಗಿದ್ದ ನಾಲ್ಕೂ ಕಲ್ಲು ಬೆಂಚು ಇಲ್ಲ. ಕಿತ್ತ ಜಾಗದಲ್ಲಿ ಹಸಿ ಮಣ್ಣು. ಪಕ್ಕದಲ್ಲಿ ಹೊಸ ಬೋರ್ಡು: 'ಇದು ವಾಕಿಂಗ್ ಮಾಡುವ ಜಾಗ. ಗುಂಪು ಕೂತು ಹರಟೆ ಹೊಡೆಯಬಾರದು.' ಯಾರೋ ದೂರು ಕೊಟ್ಟರಂತೆ. ಸಂಜೆಯಾದರೂ ನನಗೆ ಸಿಟ್ಟು ಇಳಿದಿಲ್ಲ.

ಅಲ್ಲಿ ಕೂರುತ್ತಿದ್ದವರು ಯಾರು ಗೊತ್ತಾ? ಮಂಡಿ ಆಪರೇಷನ್ ಆದ ಒಬ್ಬರು ಆಂಟಿ, ಎರಡು ಸುತ್ತಿಗೊಮ್ಮೆ ಕೂರಲೇಬೇಕು. ರಿಟೈರ್ ಆದ ಬಸ್ ಡ್ರೈವರ್ ಒಬ್ಬರು. ಹೆಂಡತಿ ತೀರಿಕೊಂಡು ಒಬ್ಬರೇ ಇರುವ ಮೇಷ್ಟ್ರು. ಮತ್ತೆ ನಾನು.

ಹೋದ ವರ್ಷ ಕೆಲಸ ಹೋದಾಗ ನಾನು ಹೇಗಿದ್ದೆ ಅಂತ ನಿಮ್ಮಲ್ಲಿ ಕೆಲವರು ನೋಡಿದ್ದೀರಿ. ನೋಡದೇ ಇದ್ದದ್ದನ್ನೂ ಹೇಳಿಬಿಡುತ್ತೇನೆ. ರಾತ್ರಿ ಮೂರಕ್ಕೆ ಎಚ್ಚರ, ಇಎಂಐ ಲೆಕ್ಕ, ಫೋನ್ ರಿಂಗ್ ಆದರೆ ಎದೆ ಡವಡವ. ನಿಮ್ಮ ಎಷ್ಟೋ ಕಾಲ್ ನಾನು ಎತ್ತಲಿಲ್ಲ. ಪಾರ್ಕಿಗೆ ಹೋಗಿದ್ದು ಮನೆಯಲ್ಲಿ ಕೂರೋಕೆ ಆಗದೆ. ಒಂದು ವಾರ ಯಾರ ಮುಖವನ್ನೂ ನೋಡದೆ ಸುಮ್ನೆ ಸುತ್ತು ಹಾಕಿದೆ. ಎಂಟನೇ ದಿನ ಆಂಟಿ ಬೆಂಚಿನಿಂದಲೇ ಕೇಳಿದರು, "ಯಾಕೋ, ಮುಖ ಬಾಡಿದೆ? ತಿಂಡಿ ತಿಂದ್ಯಾ?" ಅಷ್ಟೇ. ನಾನು ಕೂತೆ, ಅತ್ತೆ. ಯಾರೂ ಬುದ್ಧಿ ಹೇಳಲಿಲ್ಲ. ಮೇಷ್ಟ್ರು ಸ್ವಲ್ಪ ಹೊತ್ತು ಬಿಟ್ಟು, "ಬುಧವಾರ ಕಣ್ಣಿನ ಆಸ್ಪತ್ರೆಗೆ ಹೋಗಬೇಕು, ಜೊತೆಗೆ ಬರ್ತೀಯೇನಪ್ಪಾ?" ಅಂದರು. ಯಾರಿಗೂ ಬೇಡವಾದೆ ಅಂದುಕೊಂಡು ಕೂತಿದ್ದವನಿಗೆ ಆ ಮಾತು ಏನು ಮಾಡಿತು ಅಂತ ನಾನು ಹೇಗೆ ಹೇಳಲಿ? ಆಮೇಲೆ ಒಂದು ದಿನ ತಪ್ಪಿಸಿದರೂ ಮಧ್ಯಾಹ್ನದೊಳಗೆ ಫೋನ್ ಬರುತ್ತಿತ್ತು. ಆ ಕಾಲ್ ಮಾತ್ರ ಎತ್ತುತ್ತಿದ್ದೆ.

ಈಗ ಹೇಳಿ, ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದು ನಡಿಗೆಯೋ, ಬೆಂಚೋ? ಎರಡನ್ನೂ ಬೇರೆ ಮಾಡೋಕೆ ಆಗಲ್ಲ.

ಕೆಲಸ ಇಲ್ಲದ ದಿನಗಳಲ್ಲಿ ಇದರ ಬಗ್ಗೆ ತುಂಬಾ ಓದಿದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಖಿನ್ನತೆ ಇದ್ದ 156 ಜನ, ಎಲ್ಲರೂ 50 ದಾಟಿದವರು. ಕೆಲವರಿಗೆ ಮಾತ್ರೆ, ಕೆಲವರಿಗೆ ವ್ಯಾಯಾಮ, ಕೆಲವರಿಗೆ ಎರಡೂ. 16 ವಾರದ ಹೊತ್ತಿಗೆ ಮೂರೂ ಗುಂಪು ಹೆಚ್ಚುಕಡಿಮೆ ಒಂದೇ ಥರ ಚೇತರಿಸಿಕೊಂಡಿದ್ದವು. ಆ ವ್ಯಾಯಾಮ ಮಾಡಿದ್ದು ಒಬ್ಬೊಬ್ಬರೇ ಅಲ್ಲ, ವಾರಕ್ಕೆ ಮೂರು ಸಲ ಎಲ್ಲರೂ ಸೇರಿ. (ಇದನ್ನು ಓದಿ ಯಾರೂ ಮಾತ್ರೆ ಬಿಡಬೇಡಿ, ದಯವಿಟ್ಟು. ಡಾಕ್ಟರನ್ನು ಕೇಳಿ. ರಾತ್ರಿ ತಡೆಯೋಕೆ ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416, ಕನ್ನಡದಲ್ಲೇ ಮಾತಾಡಬಹುದು.) ಆಕ್ಸ್‌ಫರ್ಡ್‌ನಲ್ಲಿ ದೋಣಿ ಹುಟ್ಟು ಹಾಕುವ ಹುಡುಗರನ್ನು ಒಬ್ಬೊಬ್ಬರಾಗಿಯೂ ಜೊತೆಯಾಗಿಯೂ ಅಭ್ಯಾಸ ಮಾಡಿಸಿ ನೋಡಿದರು. ಶ್ರಮ ಅಷ್ಟೇ. ಆದರೆ ಜೊತೆಯಾಗಿ ಮಾಡಿದ ದಿನ ನೋವು ತಡೆಯುವ ಶಕ್ತಿ ಜಾಸ್ತಿ ಇತ್ತು. ಇದನ್ನು ಓದಿದಾಗ ಮಂಡಿ ನೋವಿನ ಆಂಟಿ ನಾಲ್ಕನೇ ಸುತ್ತಿಗೆ ಏಳುತ್ತಿದ್ದದ್ದು ಕಣ್ಣಿಗೆ ಬಂತು.

ಮಾತಾಡುತ್ತಾ ನಡೆದರೆ ಅದು ವ್ಯಾಯಾಮವೇ ಅಲ್ಲ ಅಂತ ಇವತ್ತು ಒಬ್ಬರು ನನಗೇ ಹೇಳಿದರು. ತಪ್ಪು, ಸರ್. ಮಧ್ಯಮ ವೇಗದ ನಡಿಗೆಗೆ ಡಾಕ್ಟರುಗಳು ಹೇಳುವ ಅಳತೆಯೇ ಅದು: ನಡೆಯುವಾಗ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ವಾರಕ್ಕೆ ಕನಿಷ್ಠ 150 ನಿಮಿಷ ಇಂಥ ನಡಿಗೆ ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದೇ ಸಂಸ್ಥೆ 2025ರಲ್ಲಿ ಇನ್ನೊಂದು ಮಾತೂ ಹೇಳಿದೆ: ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರಿಗೆ ಒಂಟಿತನ ಕಾಡುತ್ತಿದೆ.

ದಾರಿಗೆ ಅಡ್ಡ ನಿಂತು ಮಾತಾಡಿದರೆ ಕಷ್ಟ, ಒಪ್ಪುತ್ತೇನೆ. ಹಾಗಾದರೆ ಬೆಂಚನ್ನು ನಾಲ್ಕಡಿ ಹಿಂದಕ್ಕೆ ಹಾಕಿ! ಕಿತ್ತು ಹಾಕೋದು ಯಾಕೆ? ಈ ಬೆಂಗಳೂರಿನಲ್ಲಿ ಹತ್ತು ನಿಮಿಷಕ್ಕೆ ಕೊತ್ತಂಬರಿ ಸೊಪ್ಪು ಬಾಗಿಲಿಗೆ ಬರುತ್ತದೆ, ಪಕ್ಕದ ಫ್ಲ್ಯಾಟಿನವರ ಹೆಸರು ಮಾತ್ರ ಗೊತ್ತಿರಲ್ಲ. ದುಡ್ಡು ಕೊಡದೆ ಅರ್ಧ ಗಂಟೆ ಕೂತು ಇನ್ನೊಬ್ಬರ ಜೊತೆ ಮಾತಾಡುವ ಜಾಗ ನಮ್ಮ ಏರಿಯಾದಲ್ಲಿ ಇದ್ದದ್ದೇ ಅದೊಂದು. ಲಾಲ್‌ಬಾಗ್ ಬಂಡೆ ಮೇಲೆ ಭಾನುವಾರ ಬೆಳಗ್ಗೆ ನೋಡಿ, ಎಷ್ಟು ಜನ ನಡೆದು ಬಂದು ಸುಮ್ನೆ ಕೂತಿರುತ್ತಾರೆ. ಮಂಡಿ ನೋವಿನವರು ದಿನಾ ಅಷ್ಟು ದೂರ ಹೋಗೋಕೆ ಆಗುತ್ತಾ?

ಇವತ್ತು ಆಂಟಿ ಗೇಟಿನ ಕಂಬಿ ಹಿಡಿದು ಸ್ವಲ್ಪ ಹೊತ್ತು ನಿಂತರು. ಎರಡೇ ಸುತ್ತಿಗೆ ಮನೆಗೆ ಹೋದರು. ಮೇಷ್ಟ್ರು ಒಳಗೇ ಬರಲಿಲ್ಲ.

ಬೆಂಚು ವಾಪಸ್ ಹಾಕಿ ಅಂತ ಪತ್ರ ಬರೆದಿದ್ದೇನೆ. ಏರಿಯಾದವರು ಶನಿವಾರದೊಳಗೆ ಬಂದು ಸಹಿ ಹಾಕಿ. ಅಲ್ಲಿಯವರೆಗೆ ದಿನಾ ಆರೂಕಾಲಿಗೆ ಮನೆಯಿಂದ ಎರಡು ಪ್ಲಾಸ್ಟಿಕ್ ಕುರ್ಚಿ ತಗೊಂಡು ಹೋಗಿ ಹೊಂಗೆ ಮರದ ಕೆಳಗೆ ಹಾಕುತ್ತೇನೆ. ಒಂದು ಆಂಟಿಗೆ, ಒಂದು ಮೇಷ್ಟ್ರಿಗೆ.