ನಿಮ್ಮ ಕಾಲೇಜಿನ ಬಣ್ಣ ಯಾವುದು?

ತಮಾಷೆ ಮಾಡಲು ಹೋಗಿ ನಾನೇ ಸಿಕ್ಕಿಬಿದ್ದೆ.

ಹೋದ ಸೆಪ್ಟೆಂಬರಿನ ಒಂದು ಶನಿವಾರ. ಪೆನ್ಸಿಲ್ವೇನಿಯಾದ ಈ ಪುಟ್ಟ ಊರಿನ ಹೆಸರೇ ಸ್ಟೇಟ್ ಕಾಲೇಜ್. ಪೆನ್ ಸ್ಟೇಟ್ ವಿಶ್ವವಿದ್ಯಾಲಯ ಬಿಟ್ಟರೆ ಊರೂ ಇಲ್ಲ, ಹೆಸರೂ ಇಲ್ಲ. ಹೆಲ್ಮೆಟ್ ಹಾಕಿಕೊಂಡು ಆಡುವ ಅಮೆರಿಕನ್ ಫುಟ್‌ಬಾಲ್ ಪಂದ್ಯವಿರುವ ಶನಿವಾರ ಬೀವರ್ ಸ್ಟೇಡಿಯಂ ಸುತ್ತಲಿನ ಹುಲ್ಲುಗಾವಲು ನಮ್ಮ ಕಡೆಯ ಜಾತ್ರೆಯ ಬಯಲಿನ ಹಾಗೆ ಆಗುತ್ತದೆ. ಬೆಳಿಗ್ಗೆಯೇ ವ್ಯಾನು ನಿಲ್ಲಿಸಿ, ಹಿಂಬಾಗಿಲು ತೆರೆದು, ಒಲೆ ಹೊತ್ತಿಸಿ ಕೂತುಬಿಡುತ್ತಾರೆ. ಪಕ್ಕದ ಮನೆಯ ಅಜ್ಜ ವರ್ಷಕ್ಕೊಂದು ಸಲ ನಮ್ಮನ್ನೂ ಕರೆದುಕೊಂಡು ಹೋಗುತ್ತಾರೆ. ನನ್ನ ಹೆಂಡತಿ ಒಗ್ಗರಣೆ ಮಂಡಕ್ಕಿ ತಂದಿದ್ದಳು. ಅಜ್ಜ ಅದನ್ನು ಪಾಪ್‌ಕಾರ್ನ್ ತಿಂದ ಹಾಗೆ ಮುಷ್ಟಿ ಮುಷ್ಟಿ ಎತ್ತಿ, ಹಸಿಮೆಣಸಿನಕಾಯಿಯನ್ನು ಹುಷಾರಾಗಿ ಪಕ್ಕಕ್ಕೆ ಇಡುತ್ತಿದ್ದರು.

ಅಷ್ಟರಲ್ಲಿ ಆಟಗಾರರ ಬಸ್ಸು ಬಂತು. ಜನ ಕೂಗಿದ್ದೇ ಕೂಗಿದ್ದು. ಅಜ್ಜನ ಮೈಮೇಲೂ ಅದೇ ಕಡುನೀಲಿ ಅಂಗಿ, ಬಿಳಿ ಅಂಕಿ. ನಾನು ಸುಮ್ಮನಿರಲಾರದೆ, "ನಿಮ್ಮ ತಂಡದ ಡ್ರೆಸ್ಸು ನೋಡಿದರೆ ನಮ್ಮೂರಿನ ಸರ್ಕಾರಿ ಶಾಲೆ ಯೂನಿಫಾರ್ಮ್ ನೆನಪಾಗುತ್ತೆ, ನೀಲಿ ಬಿಳಿ" ಅಂದೆ. ಅಜ್ಜ ನಕ್ಕರು. ನಕ್ಕು, ತುಂಬ ಸಹಜವಾಗಿ, ಊಟ ಆಯ್ತಾ ಅಂತ ಕೇಳುವ ಹಾಗೆ ಕೇಳಿದರು: "ಹೌದಾ, ನಿಮ್ಮ ಕಾಲೇಜಿನ ಬಣ್ಣ ಯಾವುದು?"

ಬಾಯಿ ತೆರೆದೆ. ಏನೂ ಬರಲಿಲ್ಲ.

ನಾಲ್ಕು ವರ್ಷ ದಾವಣಗೆರೆಯಲ್ಲಿ ಓದಿದವನು ನಾನು. ಯಾವ ಮೇಷ್ಟ್ರು ಯಾವ ಬಣ್ಣದ ಸ್ಕೂಟರಿನಲ್ಲಿ ಬರುತ್ತಿದ್ದರು ಅಂತ ಈಗಲೂ ಹೇಳಬಲ್ಲೆ. ಕಾಲೇಜಿಗೆ ಬಣ್ಣ ಅಂತ ಒಂದು ಇರುತ್ತದೆ, ಇರಬೇಕು ಅನ್ನುವುದೇ ತಲೆಗೆ ಬಂದಿರಲಿಲ್ಲ. "ಇಲ್ಲ" ಅಂದೆ. ನನ್ನ ಇಂಗ್ಲಿಷ್ ಅರ್ಥವಾಗಲಿಲ್ಲವೇನೋ ಎಂದುಕೊಂಡು ಅಜ್ಜ ಮತ್ತೊಮ್ಮೆ, ಇನ್ನೂ ನಿಧಾನವಾಗಿ ಕೇಳಿದರು. ಅದು ಚುಚ್ಚಿತು.

ಇವರ ಅಂಗಿಯ ವಿಷಯ ಸ್ವಲ್ಪ ಹೇಳಬೇಕು. ನೋಡಿದರೆ ಯಾರೋ ಅರ್ಧ ಹೊಲಿದು ಬಿಟ್ಟ ಹಾಗಿರುತ್ತದೆ. ಹೆಲ್ಮೆಟ್ಟು ಬಿಳಿ, ನಡುವೆ ಒಂದೇ ಒಂದು ನೀಲಿ ಪಟ್ಟಿ. ಅದರ ಮೇಲೆ ತಂಡದ ಗುರುತಾದ ಸಿಂಹವಿಲ್ಲ, ಅಕ್ಷರವಿಲ್ಲ. ನೀಲಿ ಅಂಗಿ, ಬಿಳಿ ಚಡ್ಡಿ, ಕಪ್ಪು ಬೂಟು. ಬೆನ್ನ ಮೇಲೆ ಅಂಕಿ ಬಿಟ್ಟರೆ ಹೆಸರಿಲ್ಲ. ಎಷ್ಟೇ ದೊಡ್ಡ ಆಟಗಾರನಾದರೂ ಅಂಗಿಯ ಮೇಲೆ ಅನಾಮಧೇಯ. ನಮ್ಮ ಪೀಠೋಪಕರಣದ ಅಂಗಡಿಯವರಿಗೆ ಕೊಟ್ಟಿದ್ದರೆ ಆ ಹೆಲ್ಮೆಟ್ಟಿನ ಮೇಲೆ ಆಫರ್ ಸಮೇತ ಬ್ಯಾನರ್ ಹಾಕಿರುತ್ತಿದ್ದರು.

2017ರಲ್ಲಿ, ನಾನು ಇಲ್ಲಿಗೆ ಬಂದ ಮರುವರ್ಷ, ಇಂಡಿಯಾನಾ ವಿರುದ್ಧದ ಪಂದ್ಯಕ್ಕೆ ಒಂದು ದಿನದ ಮಟ್ಟಿಗೆ ಅಂಗಿ ಬದಲಿಸಿದರು. ಹಳೆಯ ಕಾಲದ ಬೇರೆ ಬೇರೆ ತಂಡಗಳ ಅಂಗಿಯಿಂದ ಒಂದೊಂದು ಗುರುತು ಆರಿಸಿ ಸೇರಿಸಿದ್ದು ಅದು: ಹೆಲ್ಮೆಟ್ಟಿನ ಮೇಲೆ ಅಂಕಿ, ಚಡ್ಡಿಯ ಮೇಲೆ ಪಟ್ಟಿ, ಹೀಗೆ. ಊರಲ್ಲಿ ವಾರವಿಡೀ ಅದೇ ಮಾತು. ಕ್ಷೌರದಂಗಡಿಯಲ್ಲಿ ಇಬ್ಬರು ಯಜಮಾನರು ಪಟ್ಟಿಯ ಅಗಲ ಎಷ್ಟಿರಬೇಕು ಅಂತ ಮಾತಿಗೆ ಮಾತು ಬೆಳೆಸಿದ್ದನ್ನು ನಾನೇ ಕೇಳಿದ್ದೇನೆ. 2025ರ ಅಕ್ಟೋಬರಿನಲ್ಲಿ, ಸಾಲಾಗಿ ಸೋತ ಮೇಲೆ, ಹನ್ನೆರಡನೇ ಸೀಸನ್ನಿನಲ್ಲಿದ್ದ ಕೋಚ್ ಜೇಮ್ಸ್ ಫ್ರಾಂಕ್ಲಿನ್ ಅವರನ್ನೇ ಮನೆಗೆ ಕಳಿಸಿದರು. ಅಂಗಿ ಮುಟ್ಟಲಿಲ್ಲ.

ಇನ್ನು ನಮ್ಮ ಕಡೆಗೆ ಬನ್ನಿ. ನನ್ನ ತಮ್ಮ ಆಡುವ ಓಣಿಯ ಟೆನಿಸ್ ಬಾಲ್ ತಂಡ. ಒಂದು ವರ್ಷ ಅಂಗಿ ನೀಲಿ, ಕೊಟ್ಟದ್ದು ಹಾರ್ಡ್‌ವೇರ್ ಅಂಗಡಿ. ಆಟಗಾರನ ಅಂಕಿಗಿಂತ ಅಂಗಡಿಯ ಫೋನ್ ನಂಬರ್ ದೊಡ್ಡದು. ಮರುವರ್ಷ ಕಿತ್ತಳೆ, ಕೊಟ್ಟದ್ದು ಟ್ಯೂಷನ್ ಸೆಂಟರ್. ಚುನಾವಣೆಯ ವರ್ಷ ಬಂತು ನೋಡಿ, ಟಿಕೆಟ್ ಆಕಾಂಕ್ಷಿಯೊಬ್ಬರು ಹದಿನೈದು ಜೊತೆ ಅಂಗಿ ಹೊಲಿಸಿದರು. ಎದೆಯ ಮೇಲೆ ಅವರದ್ದೇ ಫೋಟೊ, ಕೈ ಮುಗಿದದ್ದು. ಬೌಲರ್ ಓಡಿ ಬರುವಾಗ ನಮಸ್ಕಾರವೇ ಓಡಿ ಬಂದ ಹಾಗೆ ಕಾಣುತ್ತಿತ್ತು. ಅವರಿಗೆ ಟಿಕೆಟ್ ಸಿಗಲಿಲ್ಲ. ಅಂಗಿಗಳು ಬೈಕು ಒರೆಸಲು ಹೋದವು. ನಮ್ಮ ತಮ್ಮನಿಗೆ ಇದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದು ಏನೂ ಕಾಣುವುದಿಲ್ಲ. "ಫ್ರೀ ಸಿಗ್ತಾವಲ್ಲಣ್ಣ, ಬಣ್ಣ ಕಟ್ಕೊಂಡು ಏನ್ ಮಾಡ್ತೀ?" ಅನ್ನುತ್ತಾನೆ.

ಓಣಿಯ ತಂಡ ಬಿಡಿ, ಆರ್‌ಸಿಬಿ ನೋಡಿ. 2008ರಲ್ಲಿ ಶುರುವಾದಾಗ ಕೆಂಪು ಬಂಗಾರ. ನಡುವೆ ಕೆಂಪು ಕಪ್ಪು. 2024ರ ಮಾರ್ಚಿನಲ್ಲಿ ಕಪ್ಪು ಹೋಗಿ ಕಡುನೀಲಿ ಬಂತು, ಜೊತೆಗೆ ಹೆಸರಿನ 'ಬ್ಯಾಂಗಲೋರ್' ಹೋಗಿ 'ಬೆಂಗಳೂರು' ಆಯಿತು. ಹೆಸರು ಸರಿಯಾದದ್ದಕ್ಕೆ ನಾನೂ ಇಲ್ಲಿ ಕೂತು ಸಿಹಿ ಹಂಚಿದವನೇ. ಆದರೆ ಬಣ್ಣ? ನನ್ನ ಹತ್ತಿರ ಇದ್ದ ಕೆಂಪು ಕಪ್ಪು ಜರ್ಸಿ ಒಂದೇ ದಿನದಲ್ಲಿ ಹಳೇ ಪೇಪರ್ ಆಯಿತು. ಇದರ ಮೇಲೆ ವರ್ಷಕ್ಕೊಂದು ಪಂದ್ಯಕ್ಕೆ ಹಸಿರು ಬೇರೆ. ಪರಿಸರಕ್ಕೆ ಒಳ್ಳೆಯದು, ಒಪ್ಪಿದೆ. ಹಸಿರು ಹಾಕಿದ ದಿನ ಎದೆ ಢವಢವ ಅನ್ನುವುದೂ ನಿಜ.

ಇಲ್ಲಿ ಹಾಗಲ್ಲ ಅಂತ ಹೇಳಿದರೆ ನಮ್ಮ ಆಫೀಸಿನ ಜಾರ್ಜಿಯಾದವನು ನಗುತ್ತಾನೆ. ಅವನ ಯೂನಿವರ್ಸಿಟಿ ತಂಡದ್ದು ಕೆಂಪು ಅಂಗಿ. 2007ರಲ್ಲಿ ಆಬರ್ನ್ ವಿರುದ್ಧ ಇದ್ದಕ್ಕಿದ್ದಂತೆ ಕಪ್ಪು ಅಂಗಿ ಹಾಕಿಕೊಂಡು ಇಳಿದರಂತೆ, ಗೆದ್ದರು. ರುಚಿ ಹತ್ತಿತು. ಮರುವರ್ಷ ಅಲಬಾಮಾ ವಿರುದ್ಧ ಮತ್ತೆ ಕಪ್ಪು, ಇಡೀ ಸ್ಟೇಡಿಯಂ ಕಪ್ಪು. ಅರ್ಧ ಆಟಕ್ಕೆ ಅಲಬಾಮಾ 31-0 ಮುಂದೆ, ಕೊನೆಗೆ 41-30ರಲ್ಲಿ ಸೋಲು. ಇಷ್ಟು ವರ್ಷವಾದರೂ ಅವನು ಆ ರಾತ್ರಿಯನ್ನು ಹೇಳುವಾಗ ದನಿ ತಗ್ಗಿಸುತ್ತಾನೆ. ನಮ್ಮಮ್ಮನನ್ನು ಕೇಳಿದ್ದರೆ ಹಬ್ಬದ ದಿನ ಕಪ್ಪು ಬೇಡ ಅಂತ ಮೊದಲೇ ಹೇಳಿರುತ್ತಿದ್ದಳು.

ಆರೆಗನ್ ಅಂತ ಇನ್ನೊಂದು ತಂಡ ಇದೆ. ನೈಕಿ ಕಂಪನಿ ಕಟ್ಟಿದವರಲ್ಲೊಬ್ಬರಾದ ಫಿಲ್ ನೈಟ್ ಓದಿದ್ದು ಅಲ್ಲೇ. ಹಾಗಾಗಿ ಆ ಹುಡುಗರಿಗೆ ಮದುವೆ ಮನೆಯ ಹೆಣ್ಣುಮಕ್ಕಳಷ್ಟು ಬಟ್ಟೆ. ಹಸಿರು, ಹಳದಿ ಅಂತ ಹೇಳಿಕೊಳ್ಳುತ್ತಾರೆ. ಕಪ್ಪು, ಬಿಳಿ, ಬೂದು, ಎಲ್ಲವೂ ಬರುತ್ತವೆ, ಒಂದು ವಾರದ್ದು ಇನ್ನೊಂದು ವಾರಕ್ಕಿಲ್ಲ. 2025ರ ಸೆಪ್ಟೆಂಬರ್ 27ರಂದು ಅವರು ಇಲ್ಲಿಗೆ ಬಂದರು. ಅವತ್ತು 'ವೈಟ್ ಔಟ್'. ಅಂದರೆ ನೋಡಲು ಬಂದವರೆಲ್ಲ ಬಿಳಿ ಉಡಬೇಕು. 2004ರಲ್ಲಿ ವಿದ್ಯಾರ್ಥಿಗಳು ಮಾತ್ರ ಶುರು ಮಾಡಿದ್ದು, 2007ರಲ್ಲಿ ನೋಟರ್ ಡೇಮ್ ವಿರುದ್ಧ ಇಡೀ ಸ್ಟೇಡಿಯಂಗೆ ಹಬ್ಬಿತು. ಲಕ್ಷಕ್ಕೂ ಮಿಕ್ಕಿ ಜನ, ರಾತ್ರಿ ದೀಪದಲ್ಲಿ ಬೆಳ್ಳಗೆ. ಮಜಾ ಏನೆಂದರೆ ಊರೆಲ್ಲ ಬಿಳಿ ಉಟ್ಟರೂ ತಂಡ ಮಾತ್ರ ತನ್ನ ಅದೇ ನೀಲಿಯಲ್ಲೇ ಇಳಿಯುತ್ತದೆ. ಬೇಕಾದರೆ ನಾವು ಬದಲಾಗುತ್ತೇವೆ, ನೀವು ಆಗಬೇಡಿ ಅಂತ ಹುಡುಗರಿಗೆ ಹೇಳಿದ ಹಾಗೆ. ಆ ಅಭಿಮಾನ ಕಂಡು ಹೊಟ್ಟೆ ಉರಿಯಿತು ಅಂದರೆ ಸುಳ್ಳಲ್ಲ.

ಆ ರಾತ್ರಿ ಗೆದ್ದದ್ದು ಮಾತ್ರ ಆರೆಗನ್, ಎರಡು ಸಲ ಹೆಚ್ಚುವರಿ ಆಟವಾಡಿ 30-24. ವಾರಕ್ಕೊಂದು ಬಟ್ಟೆ ಬದಲಿಸುವವರು. ಅಜ್ಜನ ಎದುರು ನಾನು ಈ ಮಾತು ಎತ್ತಲಿಲ್ಲ.

ಎತ್ತಲಾರದ ಮಾತು ಇನ್ನೂ ಒಂದೆರಡಿವೆ. ಈ ನೀಲಿ ಬಿಳಿ ಭೂಮಿ ಹುಟ್ಟಿದಾಗಿನಿಂದ ಬಂದದ್ದೇನಲ್ಲ. 1887ರಲ್ಲಿ ಇಲ್ಲಿನ ವಿದ್ಯಾರ್ಥಿಗಳು ಆರಿಸಿದ್ದು ಗುಲಾಬಿ ಮತ್ತು ಕಪ್ಪು! ಕೋಟು ಟೋಪಿ ಎಲ್ಲ ಹೊಲಿಸಿಕೊಂಡರು. ಬಿಸಿಲಿಗೆ ಗುಲಾಬಿ ಬಿಳಚಿಕೊಂಡು ಬಿಳಿಯಾಯಿತು ಅನ್ನುತ್ತಾರೆ. 1890ಕ್ಕೆ ನೀಲಿ ಬಿಳಿ ಅಂತ ಘೋಷಿಸಿದರು. ಈಗ ಯಾರು ಪ್ರಾಣ ಹೋದರೂ ಬಿಡೆವು ಅನ್ನುತ್ತಾರೋ ಆ ಬಣ್ಣ, ಒಂದು ಬಗೆಯಲ್ಲಿ, ಕಳಪೆ ಡೈಯ ಕೊಡುಗೆ. ಅಗಸರ ಕಲ್ಲಿನ ಮೇಲೆ ಬಣ್ಣ ಬಿಟ್ಟ ನಮ್ಮಪ್ಪನ ಲುಂಗಿ ನೆನಪಾಗಿ ಒಬ್ಬನೇ ನಕ್ಕೆ. ಇನ್ನೊಂದು, 1993ರಿಂದ ನೈಕಿ ಹೊಲಿದುಕೊಡುತ್ತಿದ್ದ ಅಂಗಿಯನ್ನು 2026ರಿಂದ ಅಡಿಡಾಸ್ ಹೊಲಿಯಲಿದೆ. ಮೂರು ಪಟ್ಟಿ ಎಲ್ಲಿ ಬರುತ್ತವೋ ಅಂತ ಈಗಲೇ ಆತಂಕ. ಹಣದ ಮಾತು ಬಂದಾಗ ಇಲ್ಲಿಗೂ ನಮ್ಮ ಹಾರ್ಡ್‌ವೇರ್ ಅಂಗಡಿಗೂ ಅಂಥಾ ದೂರವೇನಿಲ್ಲ, ಸೊನ್ನೆಗಳಷ್ಟೇ ಹೆಚ್ಚು.

ಮೂರನೆಯದು ನಗುವ ವಿಷಯವಲ್ಲ. ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಹೆಸರಿಲ್ಲದ ಆ ಅಂಗಿ ನನಗೆ ತುಂಬ ಹಿಡಿಸಿತ್ತು: ವ್ಯಕ್ತಿಗಿಂತ ತಂಡ ದೊಡ್ಡದು, ಸರಿ ತಾನೆ. ಆದರೆ 2011ರಲ್ಲಿ ಈ ತಂಡದ ಮಾಜಿ ಸಹಾಯಕ ಕೋಚ್ ಜೆರ್ರಿ ಸ್ಯಾಂಡಸ್ಕಿ ಮಕ್ಕಳ ಮೇಲೆ ವರ್ಷಗಟ್ಟಲೆ ಎಸಗಿದ ದೌರ್ಜನ್ಯ ಬಯಲಿಗೆ ಬಂತು. ಮುಖ್ಯ ಕೋಚ್ ಜೋ ಪಟರ್ನೊ ಸ್ಥಾನ ಕಳೆದುಕೊಂಡರು. 2012ರಲ್ಲಿ ತಂಡಕ್ಕೆ ಶಿಕ್ಷೆಯಾಯಿತು, ಆಟಗಾರರು ಬೇಕಿದ್ದರೆ ಬೇರೆ ಯೂನಿವರ್ಸಿಟಿಗೆ ಹೋಗಬಹುದು ಅಂದರು. ಹೋಗದೆ ಉಳಿದ ಹುಡುಗರ ಬೆನ್ನಿನ ಮೇಲೆ ಹೊಸ ಕೋಚ್ ಬಿಲ್ ಒಬ್ರಾಯನ್ ಹೆಸರು ಬರೆಸಿದರು. ಅಲ್ಲಿ ತನಕ ಇರದಿದ್ದ ಹೆಸರು. ಜೊತೆಗೆ ನೊಂದ ಮಕ್ಕಳ ನೆನಪಿಗೆ ಒಂದು ನೀಲಿ ರಿಬ್ಬನ್.

2015ರಲ್ಲಿ ಹೆಸರು ಮತ್ತೆ ತೆಗೆದರು. ಹಳೆಯ ಪದ್ಧತಿ ವಾಪಸ್ ಬಂತೆಂದು ಬಹಳ ಜನ ಖುಷಿಪಟ್ಟರಂತೆ. ಈ ಬಗ್ಗೆ ಒಮ್ಮೆ ಅಜ್ಜನನ್ನು ಕೇಳಿದ್ದೆ. ಪಟ್ಟಿಯ ಅಗಲದ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಮನುಷ್ಯ ಸ್ವಲ್ಪ ಹೊತ್ತು ಹುಲ್ಲು ಕತ್ತರಿಸುವ ಮಷೀನಿನ ಹಿಡಿಕೆ ಒರೆಸುತ್ತಾ ನಿಂತರು. "ಹೆಸರು ಇರಬೇಕಿತ್ತು ಅನ್ನಿಸುತ್ತೆ, ಆ ಹುಡುಗರದ್ದು" ಅಂದು ಒಳಗೆ ಹೋದರು. ಅಂಗಿ ಬದಲಿಸಲೇಬಾರದು ಅನ್ನುವ ನನ್ನ ವಾದಕ್ಕೆ ಅಲ್ಲಿಗೇ ಒಂದು ಗುಂಡಿ ಕಳಚಿತು.

ಇಷ್ಟು ಹೇಳಿದ ಮೇಲೆ ನಮ್ಮ ಕಡೆಗೂ ಒಂದು ಮಾತು ಸಲ್ಲಬೇಕು, ಒಲ್ಲದ ಮನಸ್ಸಿನಿಂದಲೇ ಹೇಳುತ್ತೇನೆ. ಆರ್‌ಸಿಬಿ ಬಣ್ಣ ಬದಲಿಸಿತು, ಹೆಸರು ಬದಲಿಸಿತು, ಮಾಲೀಕರು ಬದಲಾದರು, ನಾಯಕರು ಎಷ್ಟು ಜನ ಬಂದು ಹೋದರೋ. 'ಈ ಸಲ ಕಪ್ ನಮ್ದೇ' ಮಾತ್ರ ಬದಲಾಗಲಿಲ್ಲ. ವರ್ಷಾ ವರ್ಷಾ ಸೋತು, ಬೇರೆಯವರು ಅದನ್ನೇ ಆಡಿಕೊಂಡು ನಕ್ಕರೂ ಯಾರೂ ಬಿಡಲಿಲ್ಲ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ವಿರುದ್ಧ 6 ರನ್ನಿನಿಂದ ಗೆದ್ದಾಗ ಇಲ್ಲಿ ಮಧ್ಯಾಹ್ನ, ನಾನು ಆಫೀಸಿನ ಮೀಟಿಂಗಿನಲ್ಲಿ ಮೇಜಿನ ಕೆಳಗೆ ಫೋನ್ ಹಿಡಿದಿದ್ದೆ. ಮೈಮೇಲೆ ಇದ್ದದ್ದು ಆ ಹಳೇ ಪೇಪರ್ ಆದ ಕೆಂಪು ಕಪ್ಪು ಜರ್ಸಿಯೇ, ಮೇಲೆ ಆಫೀಸಿನ ಅಂಗಿ. ತಮ್ಮ ವಿಡಿಯೊ ಕಾಲ್ ಮಾಡಿದ. ಅವನ ಹಿಂದೆ ಓಣಿ ತುಂಬ ಜನ, ನಾಲ್ಕು ಥರದ ಕೆಂಪು, ಒಬ್ಬ ಹಸಿರು, ಮತ್ತೊಬ್ಬನ ಎದೆಯ ಮೇಲೆ ಕೈ ಮುಗಿದ ಟಿಕೆಟ್ ಆಕಾಂಕ್ಷಿ.

ಅಜ್ಜನ ಪ್ರಶ್ನೆ ಮಾತ್ರ ಹಾಗೇ ಉಳಿದಿತ್ತು. ನಮ್ಮ ಮೆಕ್ಯಾನಿಕಲ್ ಬ್ಯಾಚಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದೆ: "ಲೇ, ನಮ್ ಕಾಲೇಜಿನ ಬಣ್ಣ ಯಾವುದಲೇ?" ಐದು ನಿಮಿಷಕ್ಕೆ ಸುರಿಮಳೆ. "ಸುಣ್ಣ." "ಕ್ಯಾಂಟೀನ್ ಚಹದ ಬಣ್ಣ." "ಫೀಸ್ ರಸೀದಿ ಗುಲಾಬಿ ಇತ್ತು ನೋಡು." ಒಬ್ಬ ದುಬೈಯಿಂದ, "ಪ್ರಿನ್ಸಿಪಾಲ್ರ ತಲೆಗೆ ಹಚ್ಚಿದ ಬಣ್ಣ" ಅಂದ. ಕೊನೆಗೆ ಹರಿಹರದವನೊಬ್ಬ ಒಂದು ಫೋಟೊ ಹಾಕಿದ. ವರ್ಕ್‌ಶಾಪ್ ಬಾಗಿಲಲ್ಲಿ ನಾವು ಇಪ್ಪತ್ತು ಜನ, ಎಲ್ಲರ ಮೈಮೇಲೂ ಖಾಕಿ ಏಪ್ರನ್, ಗ್ರೀಸ್ ಕಲೆ, ಜೇಬಿನಲ್ಲಿ ಸ್ಟೀಲ್ ಸ್ಕೇಲು. ಯಾರ ಎದೆಯ ಮೇಲೂ ಹೆಸರಿಲ್ಲ. ಗುಂಪು ಅರ್ಧ ನಿಮಿಷ ಸುಮ್ಮನಾಯಿತು.

ಮುಂದಿನ ಶನಿವಾರ ಅಜ್ಜನಿಗೆ ಹೇಳಿದೆ, "ಖಾಕಿ."

ಅವರು ಗಂಭೀರವಾಗಿ ತಲೆಯಾಡಿಸಿದರು. "ಒಳ್ಳೆಯ ಬಣ್ಣ, ಕೊಳೆ ಕಾಣಲ್ಲ. ನಿಮ್ಮ ಎದುರಾಳಿ ಯಾರು?"

"ಎಂ-ತ್ರೀ, ಮೂರನೇ ಸೆಮಿಸ್ಟರಿನ ಗಣಿತ" ಅಂದೆ.

"ಗೆದ್ದಿರಾ?"

"ಮೂರನೇ ಸಲಕ್ಕೆ."