ನಿಂಬೆಹಣ್ಣು ಹಂಡೆ ಬೆಳಗೋಕೆ, ಮುಖಕ್ಕಲ್ಲ

ಕೋಪ ಇನ್ನೂ ಇಳಿದಿಲ್ಲ, ಬರೆದೇಬಿಡ್ತೀನಿ. ಅಕ್ಕನ ಮಗಳು ರಜಕ್ಕೆ ಸೋಮವಾರಪೇಟೆಗೆ ನಮ್ಮನೆಗೆ ಬಂದಿದಾಳೆ. ಭಾನುವಾರ ಫೋನಲ್ಲಿ ಯಾವುದೋ ವಿಡಿಯೋ ನೋಡಿ, ನಿಂಬೆಹಣ್ಣಿನ ಹೋಳನ್ನ ಸಕ್ಕರೆಗೆ ಅದ್ದಿ ಸಿಪ್ಪೆ ಸಮೇತ ಮುಖಕ್ಕೆ ತಿಕ್ಕಿದಾಳೆ. ಹಾಗೇ ಹೋಗಿ ಕಣದಲ್ಲಿ ಕಾಫಿ ಹರವುತ್ತಾ ಬಿಸಿಲಲ್ಲಿ ನಿಂತಿದಾಳೆ. ಮಂಗಳವಾರ ನೋಡಿದ್ರೆ ಕೆನ್ನೆ ಕೆಂಪಗೆ ಉರೀತಿದೆ, ರಸ ಗದ್ದದವರೆಗೆ ಇಳಿದ ಗೆರೆಯುದ್ದಕ್ಕೂ ಬೊಬ್ಬೆ.

"ಚಿಕ್ಕಮ್ಮಾ, ಮನೇದೇ ಅಲ್ವಾ ಹಚ್ಚಿದ್ದು?" ಅಂತ ಅಳ್ತಾಳೆ.

ನನ್ನ ಸಿಟ್ಟೆಲ್ಲ ಆ ಒಂದು ಮಾತಿನ ಮೇಲೆ. ಅಡುಗೆಮನೇದು ಅಂದ್ರೆ ಸೌಮ್ಯ ಅಂತ ಯಾರು ಹೇಳಿದ್ದು? ನಿಂಬೆರಸದ ಪಿಎಚ್, ಅಂದ್ರೆ ಹುಳಿ ಅಳೆಯೋ ಅಂಕಿ, ಸುಮಾರು 2, ನಮ್ಮ ಚರ್ಮದ್ದು 5ರ ಆಸುಪಾಸು; ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಅದರ ಮೇಲೆ ಸಿಪ್ಪೆಯ ಎಣ್ಣೆಯಲ್ಲಿರೋ ಅಂಶ ಬಿಸಿಲು ತಾಗಿದ್ರೆ ಚರ್ಮವನ್ನ ಸುಡುತ್ತೆ. ಅವತ್ತೇ ಏನೂ ಕಾಣಲ್ಲ, ಒಂದೆರಡು ದಿನ ಬಿಟ್ಟು ಏಳುತ್ತೆ. ಆಮೇಲೆ ಕಂದು ಕಲೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತೆ. ನನಗೆ ಗೊತ್ತು. ನನ್ನ ಮದುವೆಗೆ ಮುಂಚೆ ನಾನೂ ಹಚ್ಚಿಕೊಂಡಿದ್ದೆ, ಫೋಟೋಗಳಲ್ಲೆಲ್ಲ ಬಲಗೆನ್ನೆ ತಿರುಗಿಸಿಕೊಂಡೇ ನಿಂತಿದೀನಿ. ಇದನ್ನ ಅವಳಿಗೆ ಮೊದಲೇ ಹೇಳಬೇಕಿತ್ತು.

"ಅಜ್ಜಿಯರು ಹಚ್ಚುತ್ತಿರಲಿಲ್ವಾ?" ಅಂತೀರಿ. ನಮ್ಮಜ್ಜಿ ಮುಖಕ್ಕೆ ಹಚ್ಚಿದ್ದು ಕಡ್ಲೆಹಿಟ್ಟು, ಹಾಲಿನ ಕೆನೆ. ನಿಂಬೆಹೋಳು ಬಚ್ಚಲಲ್ಲಿತ್ತು, ತಾಮ್ರದ ಹಂಡೆಯ ಕಿಲುಬು ತೆಗೆಯೋಕೆ! ಲೋಹದ ಕಿಲುಬು ಬಿಡಿಸೋ ಹುಳಿಯನ್ನ ಮಗುವಿನ ಕೆನ್ನೆಗೆ ಹಾಕ್ತೀವಾ?

ಮನೇದೇ ಹಚ್ಚಿಕೊಂಡು ಸುಖ ಬೇಕು ಅಂದ್ರೆ ತಲೆಗೆ ದಾಸವಾಳದ ಸೊಪ್ಪಿದೆ. ಹಿಡಿ ಎಲೆ ತೊಳೆದು, ನೀರಲ್ಲಿ ನೆನೆಹಾಕಿ, ಕೈಯಲ್ಲೇ ಹಿಸುಕಿ. ಮೊದಲು ಬರೀ ಹಸಿರು ನೀರು, ಹಿಸುಕ್ತಾ ಹಿಸುಕ್ತಾ ಬೆರಳ ಸಂದಿಯಿಂದ ದಾರದ ಹಾಗೆ ಲೋಳೆ ಇಳಿಯುತ್ತೆ. ಸೋಸಿ, ಎಣ್ಣೆ ಹಚ್ಚಿದ ತಲೆಗೆ ಹಾಕಿ ತಿಕ್ಕಿದ್ರೆ ತಣ್ಣಗೆ ಜಾರುತ್ತೆ, ಸಿಕ್ಕು ತಾನೇ ಬಿಡುತ್ತೆ. ಹೊರಗೆ ಚಳಿ, ಒಳಗೆ ಸೌದೆ ಒಲೆಯ ಬಿಸಿನೀರು. ಕಾಫಿ ಚರಟ ಹಾಕಲೇಬೇಕು ಅಂತಿದ್ರೆ ಹಿಮ್ಮಡಿಗೆ ಹಾಕಿ. ಮುಖಕ್ಕೆ ಅದೂ ಒರಟೇ.

ಡಾಕ್ಟರು ಮುಲಾಮು ಕೊಟ್ಟಿದಾರೆ, ಬಿಸಿಲಿಗೆ ಹೋಗಬೇಡ ಅಂದಿದಾರೆ. ಇವತ್ತು ಸಂಜೆ ಹಂಡೆಗೆ ಉರಿ ಹಾಕಿದೀನಿ. ಅವಳು ತಲೆ ಹಿಂದಕ್ಕೆ ಬಗ್ಗಿಸಿ ಕೂತಿದಾಳೆ, ಲೋಳೆ ಮುಖಕ್ಕೆ ಇಳೀದ ಹಾಗೆ ಹಣೆಗೆ ಟವೆಲ್ ಕಟ್ಟಿದೀನಿ.